ಕಾರ್ಡು ಬರೆಯುವ ಮ್ಯಾನೇಜರ್

ಬಟ್ಟೆ ಗಿರಣಿಯ ಹಾಜರಿ ಗುಮಾಸ್ತನನ್ನು ಫುಟ್‌ಬಾಲ್ ಕ್ಲಬ್ಬಿಗೆ ಮ್ಯಾನೇಜರ್ ಮಾಡಿದ ದಿನ ಅವನ ಹೆಂಡತಿ ಓಣಿಗೆಲ್ಲ ಸುದ್ದಿ ಹೇಳಿ ಬಂದಿದ್ದಳು. ಹೆಸರೇನೋ ದೊಡ್ಡದು. ಆದರೆ ಆ ಕಾಲದಲ್ಲಿ ತಂಡ ಆರಿಸುತ್ತಿದ್ದದ್ದು ಏಳು ಜನ ಹಿರಿಯರ ಕಮಿಟಿ. ಪ್ರತಿ ಗುರುವಾರ ಅವರು ಗಿರಣಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಶೆಡ್ಡಿನ ಮೇಲಿನ ಕೋಣೆಯಲ್ಲಿ ಕೂತು ಕೈ ಎತ್ತುವುದು. ಇವನು ಆಯ್ಕೆಯಾದ ಹನ್ನೊಂದು ಜನಕ್ಕೆ ಕಾರ್ಡು ಬರೆದು ಅಂಚೆಗೆ ಹಾಕುವುದು. ಕಾರ್ಡು ಬಂದವರು ಶನಿವಾರ ಆಡುವುದು. ಉಳಿದಂತೆ ಚೆಂಡಿಗೆ ಗಾಳಿ ತುಂಬಿದರೆ ಮ್ಯಾನೇಜರಿಕೆ ಮುಗಿಯಿತು.

ಕಮಿಟಿಯವರು ಅಭ್ಯಾಸದ ಕಡೆ ತಲೆ ಹಾಕಿದವರಲ್ಲ. ಪಂದ್ಯದ ದಿನವೂ ಅತಿಥಿಗಳ ಜೊತೆ ಚಹಾ, ಮಾತು. ಅವರ ಆಯ್ಕೆಯೂ ಗಿರಣಿಯ ಪದ್ಧತಿಯಂತೆಯೇ: ಸರ್ವಿಸ್ ಹೆಚ್ಚಾದವರು ಮುಂದೆ ಆಡಬೇಕು, ಹೊಸಬರು ಹಿಂದೆ, ಎಲ್ಲರಿಗಿಂತ ಹೊಸಬ ಗೋಲಿಗೆ. ಹೀಗಾಗಿ ಗೋಲು ಹೊಡೆಯುವ ಭಾರ ಏದುಸಿರು ಬಿಡುವ ಮೇಸ್ತ್ರಿಗಳ ಮೇಲೆ. ಎದುರಾಳಿಗಳಿಗೆ ಇದಕ್ಕಿಂತ ಸುಖ ಬೇಕೆ? ಸಾಲಾಗಿ ಒಂಬತ್ತು ಸೋಲು. ಇನ್ನೊಂದು ಸೋತರೆ ಕ್ಲಬ್ ಮುಚ್ಚಿ ಎಂದು ಗಿರಣಿಯ ಯಜಮಾನರು ಹೇಳಿ ಕಳಿಸಿದರು.

ಗುಮಾಸ್ತನಿಗೆ ಅನ್ನ ಸೇರಲಿಲ್ಲ. ಆ ಮೈದಾನವೆಂದರೆ ಅವನಿಗೆ ಪ್ರಾಣ.

"ದಿನಾ ಆಟ ನೋಡೋರು ನೀವು, ಆರಿಸೋರು ಅವರು," ಎಂದಳು ಹೆಂಡತಿ. "ಅಲ್ಲಾ, ಕಾರ್ಡು ಬರಿಯೋ ಕೈ ಯಾರದು?"

"ಗೊತ್ತಾದ್ರೆ ಕ್ಲಬ್ಬಿಂದ ಓಡಿಸ್ತಾರೆ ಕಣೇ."

"ಕ್ಲಬ್ಬೇ ಇಲ್ದಿದ್ರೆ ಎಲ್ಲಿಂದ ಓಡಿಸ್ತಾರೆ?"

ಮಾತು ನಾಟಿತು. ಅವನು ತನಗೆ ಸರಿಕಂಡ ಹನ್ನೊಂದು ಜನಕ್ಕೆ ಕಾರ್ಡು ಬರೆದ. ಗೋಲಿಗೆ ಗೋದಾಮಿನ ಹಮಾಲಿ ಉದ್ದಣ್ಣ, ಗಾಡಿಯಿಂದ ಎಸೆದ ಮೂಟೆ ಒಂದನ್ನೂ ನೆಲಕ್ಕೆ ಬಿಡದ ಆಸಾಮಿ. ಗೋಲಿನಲ್ಲಿ ಕೊಳೆಯುತ್ತಿದ್ದ ಹೊಸ ನೇಕಾರ, ಓಟದಲ್ಲಿ ಚಿರತೆ, ಈಗ ಮುಂದಕ್ಕೆ. ಕಮಿಟಿ ಅಧ್ಯಕ್ಷರ ಭಾವಮೈದುನ 'ಗೂಳಿ', ಹತ್ತೊಂಬತ್ತು ವರ್ಷ ಸರ್ವಿಸಿನ ಮುಂಚೂಣಿ ಆಟಗಾರ, ಅವನಿಗೆ ಮಾತ್ರ ಕಾರ್ಡೇ ಇಲ್ಲ.

ಶನಿವಾರದ ಪಂದ್ಯದಲ್ಲಿ ಮೊದಲು ಗೋಲು ಹೊಡೆದವರು ಎದುರಾಳಿಗಳೇ. ಗುಮಾಸ್ತ ಕೈಕೈ ಹಿಸುಕಿಕೊಂಡ. ಆಮೇಲೆ ಉದ್ದಣ್ಣ ಇನ್ನೊಂದನ್ನು ಒಳಗೆ ಬಿಡಲಿಲ್ಲ. ಕೊನೆಗಳಿಗೆಯಲ್ಲಿ ನೇಕಾರ ಚೆಂಡನ್ನು ಬಲೆಗೆ ನುಗ್ಗಿಸಿದ. ಒಂದಕ್ಕೊಂದು, ಆಟ ಸಮ. ಗೆಲ್ಲಲಿಲ್ಲ ನಿಜ, ಆದರೆ ಸೋಲಲೂ ಇಲ್ಲ. ಮೈದಾನದಲ್ಲಿ ಜನ ಕುಣಿದರು.

ಮೇಲಿನ ಕೋಣೆಯಲ್ಲಿ ಮಾತ್ರ ಕೆಂಡ ಸುರಿಯುತ್ತಿತ್ತು.

"ಏನಯ್ಯಾ, ಕಮಿಟಿ ಅಂದ್ರೆ ಕಸಾನಾ ನಿನಗೆ?" ಅಧ್ಯಕ್ಷರು ಮೇಜು ಗುದ್ದಿದರು. "ಇವನನ್ನ ತೆಗೀಬೇಕು ಅನ್ನೋರು..."

ಬಾಗಿಲು ತೆರೆಯಿತು. ಗೂಳಿ. ತನ್ನನ್ನು ಹೊಡೆಯಲಿಕ್ಕೇ ಬಂದನೆಂದುಕೊಂಡ ಗುಮಾಸ್ತ. ಗೂಳಿ ಕುರ್ಚಿ ಹಿಡಿದು ನಿಧಾನಕ್ಕೆ ಕೂತ.

"ಭಾವ, ಎರಡು ವರ್ಷದಿಂದ ನನ್ನ ಮೊಣಕಾಲು ಹೋಗಿದೆ. ಗುರುವಾರ ಬಂತು ಅಂದ್ರೆ ಭಯ ಆಗ್ತಿತ್ತು. ನಾನು ಕುಂಟೋದನ್ನ ನೋಡಿದ್ದು ಈ ಗುಮಾಸ್ತರೊಬ್ಬರೇ."

ಅಧ್ಯಕ್ಷರ ಧ್ವನಿ ಇಳಿಯಿತು. "ನಂಗ್ಯಾಕೋ ಹೇಳ್ಲಿಲ್ಲ?"

"ಮೈದಾನಕ್ಕೆ ಬಂದಿದ್ರೆ ಹೇಳೋ ಅಗತ್ಯಾನೇ ಇರ್ಲಿಲ್ಲ, ಭಾವ."

ಅಧ್ಯಕ್ಷರು ಬಗ್ಗಿ ಆ ಮೊಣಕಾಲನ್ನು ನೋಡಿದರು. ಆಮೇಲೆ ಗುಮಾಸ್ತನ ಕಡೆ ತಿರುಗಿದರು.

"ತಂಡ ಇನ್ಮೇಲೆ ನೀನೇ ಆರಿಸು. ಅಭ್ಯಾಸ ಎಷ್ಟು ಗಂಟೆಗಯ್ಯಾ?"

"ಮಂಗಳವಾರ... ಐದೂವರೆಗೆ, ಸಾರ್."

"ಬರ್ತೀನಿ. ಎಲ್ಲಿ ನಿಂತು ನೋಡಬೇಕು ಅನ್ನೋದನ್ನೂ ನೀನೇ ಹೇಳ್ಕೊಡು."