ಬರೀ ವಾಚ್ಯ

“ಗುಂಡಿ ಯಾವುದರ ಸಂಕೇತ ಅಂತ ಕೇಳಿದ್ರೆ ‘ಕಕ್ಕಸಿನ ನೀರು ಹೋಗುವ ಜಾಗ’ ಅಂತ ಬರೆದಿದ್ದೀಯಲ್ಲ, ತಲೇಲಿ ಮೆದುಳಿದೆಯೋ, ಆ ಗುಂಡೀದೇ ತುಂಬ್ಕೊಂಡಿದೆಯೋ?”

ಮೇಷ್ಟ್ರು ನನ್ನ ಉತ್ತರಪತ್ರಿಕೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದರು. ತರಗತಿ ನಕ್ಕಿತು. ನಾನು ನಿಂತೇ ಇದ್ದೆ.

ಪಾಠಕ್ಕಿದ್ದ ಕಥೆ ಅವರೇ ಬರೆದದ್ದು. ಅದರಲ್ಲಿ ಒಬ್ಬ ಗುಂಡಿಗಿಳಿಯುತ್ತಾನೆ, ಮೇಲೆ ಬರುವುದಿಲ್ಲ. ಇಳಿದವನು ನನ್ನಪ್ಪ. ಗುಂಡಿ ಈ ಕಾಲೇಜಿನದೇ, ಹಿಂದುಗಡೆ ಇದೆ. ಅವತ್ತು ಮೇಷ್ಟ್ರು ಇದೇ ಕಿಟಕಿಯಿಂದ ನೋಡಿದ್ದರಂತೆ.

“ಬರೀ ವಾಚ್ಯ. ಧ್ವನಿ ಎಲ್ಲಿದೆ? ಗುಂಡಿ ಅಂದ್ರೆ ಮನುಷ್ಯನ ಒಳಗಿನ ಕತ್ತಲೆ. ಹಗ್ಗ ಒಂದು ಪ್ರತಿಮೆ. ಬರ್ಕೋ.”

ಬರೆದುಕೊಂಡೆ.

ಹಗ್ಗ ಅವ್ವನ ಕೈಯಲ್ಲಿತ್ತು. ಮೇಲಿನವರು ಆಗಾಗ ಒಮ್ಮೆ ಜಗ್ಗಬೇಕು, ಕೆಳಗಿನವನು ತಿರುಗಿ ಜಗ್ಗಬೇಕು. ನಮ್ಮವರಲ್ಲಿ ಅದೇ ಮಾತುಕತೆ. ಅವತ್ತು ಅವ್ವ ಜಗ್ಗಿದಳು. ಕೆಳಗಿನಿಂದ ಏನೂ ಬರಲಿಲ್ಲ. “ಕುಡ್ದು ಒರಗಿರ್ತಾನೆ ಸೂಳೆಮಗ, ತಡಿ,” ಅಂದ ಮೇಸ್ತ್ರಿ. ಅವ್ವ ಕಾದಳು. ಈಗ ಮಾತಿನ ನಡುವೆ ನನ್ನ ತೋಳು ಜಗ್ಗುತ್ತಾಳೆ. ನಾನು ಅವಳದನ್ನು ಜಗ್ಗುವ ತನಕ ಬಿಡುವುದಿಲ್ಲ.

ಕಿಟಕಿಯಾಚೆ ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದು. ಗುಂಡಿ ಮತ್ತೆ ಕಟ್ಟಿಕೊಂಡಿತ್ತು. ಮೇಸ್ತ್ರಿ ಮುಚ್ಚಳ ಸರಿಸುತ್ತಿದ್ದ. ಚಿಕ್ಕಪ್ಪ ಅಂಗಿ ಬಿಚ್ಚಿ ನಿಂತಿದ್ದ. ಅವ್ವ ಅವನ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದಳು.

“ಹೊರಗೇನು ನೋಡ್ತೀಯ? ಪಾಠ ಇಲ್ಲಿದೆ.”

ಬಾಗಿಲಾಚೆ ನಡೆದೆ. “ಹೋದ್ರೆ ಮತ್ತೆ ಈ ಕಡೆ ಕಾಲಿಡಬೇಡ!” ಎಂಬುದು ಬೆನ್ನಿಗೆ ಬಿತ್ತು.

ಚಿಕ್ಕಪ್ಪ ಒಂದು ಕಾಲು ಇಳಿಬಿಟ್ಟಿದ್ದ. “ಯಾಕ್ ಮಗಳೇ, ಕ್ಲಾಸಿಲ್ವಾ?”

“ಕಾಲೆತ್ತು ಚಿಕ್ಕಪ್ಪಾ.”

ಎತ್ತಿದ. ನೆಲಕ್ಕೆ ಕೂತು ಎರಡೂ ಕಾಲಿಂದ ಮುಚ್ಚಳ ನೂಕಿದೆ. ಅದು ಧಡ್ಡೆಂದು ತನ್ನ ಜಾಗಕ್ಕೆ ಕೂತಿತು. ಅದರ ಮೇಲೆ ನಾನು ಕೂತೆ.

“ಏಳೇ ಬೋಳಿಮಗಳೇ! ಕಕ್ಕಸಿಗೆ ಅಷ್ಟು ಜನ ಎಲ್ಲಿಗೆ ಹೋಗ್ಬೇಕು?” ಮೇಸ್ತ್ರಿ ಕೂಗಿದ.

“ನೀನಿಳಿ.”

“ಇವನ ಹೊಟ್ಟೆ ಆ ಬಾಯಲ್ಲಿ ತೂರಲ್ಲ ಬಿಡು,” ಅಂದ ಚಿಕ್ಕಪ್ಪ. ಯಾರೂ ನಗಲಿಲ್ಲ, ಅವನೂ ನಗಲಿಲ್ಲ.

ಮೇಸ್ತ್ರಿ ಕಾವಲಿನವರನ್ನು ಕರೆತರಲು ಓಡಿದ. ಕಟ್ಟಡದ ಹಿಂಬಾಗಿಲಿನ ಮೆಟ್ಟಿಲುಗಳ ಮೇಲೆ ಕಪ್ಪು ನೀರು ನಿಧಾನಕ್ಕೆ ಇಳಿಯತೊಡಗಿತು. ಮೇಷ್ಟ್ರು ಮೂಗಿಗೆ ಕರವಸ್ತ್ರ ಒತ್ತಿ ಕಿಟಕಿಗೆ ಬಂದರು. ನನ್ನನ್ನು ನೋಡಿದರು. ಕಿಟಕಿ ಹಾಕಿಕೊಂಡರು.

ಅವ್ವ ಚಿಕ್ಕಪ್ಪನ ಸೊಂಟದಿಂದ ಹಗ್ಗ ಬಿಚ್ಚಿದಳು. ತಂದು ನನ್ನ ಸೊಂಟಕ್ಕೆ ಸುತ್ತಿ ಗಂಟು ಹಾಕಿದಳು. “ಜಗ್ಗಿದ್ರೆ ಜಗ್ಗು,” ಅಂದಳು. ಇನ್ನೊಂದು ತುದಿಯನ್ನು ಕೈಗೆ ಸುತ್ತಿಕೊಂಡು ಗೋಡೆಯ ಹತ್ತಿರ ಹೋಗಿ ನಿಂತಳು.

ಬೂಟುಗಳ ಸದ್ದು ಹತ್ತಿರವಾಯಿತು. ಅವ್ವ ಒಮ್ಮೆ ಜಗ್ಗಿದಳು.

ನಾನು ಜಗ್ಗಿದೆ.