ಕಪ್ಪು ಸಮುದ್ರದ ಇಳಿತ

ಚಿದಂಬರ ದೆಹಲಿಯ ಮುಖರ್ಜಿ ನಗರದ ಒಂದು ಕೋಚಿಂಗ್ ಸೆಂಟರಿನಲ್ಲಿ ಹದಿನೆಂಟು ವರ್ಷಗಳಿಂದ ಭೂಗೋಳ ಪಾಠ ಮಾಡುತ್ತಿದ್ದ. ಐಎಎಸ್ ಪರೀಕ್ಷೆಗೆ ಓದುವ ಮುನ್ನೂರು ಜನ ಒಟ್ಟಿಗೆ ಕೂತು ಅವನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಅದರಿಂದ ಅವನಿಗೊಂದು ಚಟ ಅಂಟಿತ್ತು. ಮನೆಯಲ್ಲೂ ಮುಖ್ಯವೆನಿಸಿದ ಮಾತನ್ನು ನಿಧಾನವಾಗಿ ಎರಡು ಸಲ ಹೇಳುತ್ತಿದ್ದ. ಅವನ ತಮ್ಮನ ಹೆಂಡತಿ ವೈಜಯಂತಿ ಸರಕಾರಿ ಶಾಲೆಯಲ್ಲಿ ಗಣಿತ ಕಲಿಸುವವಳು. ಭಾವನ ಮಾತು ಎರಡನೇ ಸಲ ಶುರುವಾದ ಕೂಡಲೇ ಅವಳು ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

ಜೂನಿನಲ್ಲಿ ಎರಡೂ ಸಂಸಾರ ಸೇರಿ ಜಾರ್ಜಿಯಾ ದೇಶಕ್ಕೆ ಹೋದವು. ಊರು, ಹೋಟೆಲು, ವಿಮಾನದಲ್ಲಿ ಕಿಟಕಿಯ ಪಕ್ಕ ಯಾರು ಎನ್ನುವುದು ಕೂಡ ಚಿದಂಬರನದೇ ತೀರ್ಮಾನ. ವೈಜಯಂತಿಯ ಗಂಡ ಶ್ರೀವತ್ಸ ಅಣ್ಣ ಹೇಳಿದ್ದಕ್ಕೆಲ್ಲ ‘ಅಚ್ಛಾ’ ಎಂದ. ಚಿದಂಬರನ ಹೆಂಡತಿ ಪದ್ಮಳನ್ನು ಯಾರೂ ಕೇಳಲಿಲ್ಲ; ಕೇಳುವ ರೂಢಿಯೇ ಆ ಮನೆಯಲ್ಲಿರಲಿಲ್ಲ.

ನಾಲ್ಕನೆಯ ದಿನ ಬತುಮಿ ಎಂಬ ಊರಿನಿಂದ ವ್ಯಾನು ಮಾಡಿಕೊಂಡು ಕಪ್ಪು ಸಮುದ್ರದ ತೀರಕ್ಕೆ ಹೋದರು. ಮರಳಿನ ದಂಡೆಯನ್ನು ಬಿಟ್ಟು ಕಲ್ಲಿನ ತೀರವನ್ನೇ ಚಿದಂಬರ ಆರಿಸಿದ್ದ. ಬಂಡೆಗಳ ಮೇಲೆ ನಿಂತು ವಿದ್ಯಾರ್ಥಿಗಳಿಗೆ ಒಂದು ವಿಡಿಯೊ ಪಾಠ ಮಾಡುವುದಿತ್ತು. ಪಾಚಿ ಹಿಡಿದ ಕಪ್ಪು ಬಂಡೆಗಳು ನೀರಿನೊಳಕ್ಕೆ ಚಾಚಿಕೊಂಡಿದ್ದವು. ಗಾಳಿ ಜೋರಾಗಿತ್ತು. ದಡದಲ್ಲಿ ಬೇಯಿಸಿದ ಜೋಳದ ತೆನೆ ಮಾರುತ್ತಿದ್ದ ಮುದುಕಿಯೊಬ್ಬಳು ಬಂಡೆಗಳ ಕಡೆ ಬೆರಳು ತೋರಿಸಿ, ಬೇಡ ಎನ್ನುವಂತೆ ಕೈಯಾಡಿಸಿದಳು.

ಚಿದಂಬರ ನಕ್ಕ. “ಇದು ಇಳಿತದ ಹೊತ್ತು. ಇಳಿತದ ಹೊತ್ತು. ನಾಲ್ಕು ಗಂಟೆಯವರೆಗೆ ನೀರು ಈ ಬಂಡೆ ಮುಟ್ಟಲ್ಲ.”

ವೈಜಯಂತಿಯ ಮಗಳು ಹಂಸಿನಿಗೆ ಹದಿನೈದು ವರ್ಷ. ಅವಳು ಫೋನಿನಲ್ಲಿ ಏನನ್ನೋ ಓದಿ, “ದೊಡ್ಡಪ್ಪಾ, ಬ್ಲ್ಯಾಕ್ ಸೀನಲ್ಲಿ ಟೈಡ್ ನಾ ಕೆ ಬರಾಬರ್, ಉಬ್ಬರ ಇಳಿತ ಇಲ್ಲ ಅನ್ನೋಷ್ಟು ಕಮ್ಮಿ ಅಂತ ಇದೆ ಇಲ್ಲಿ. ಇದೆಲ್ಲ ಗಾಳಿ ಅಲೆ,” ಎಂದಳು. ಸರಿಯಾಗಿ ಓದದವರೇ ಅಂಥದ್ದನ್ನೆಲ್ಲ ನೋಡುವುದು ಎಂದು ಚಿದಂಬರ ಬಂಡೆ ಹತ್ತಿದ.

ಪದ್ಮಳೂ ಬರಬೇಕು ಎಂದ. ಬಂಡೆಯ ಎತ್ತರ ತಿಳಿಯಲು ಪಕ್ಕದಲ್ಲಿ ಒಂದು ಆಳು ನಿಂತಿರಬೇಕಂತೆ. ಪದ್ಮ ಹೆದರಿದಳು, ಆದರೂ ಹತ್ತಿದಳು. ಅಳತೆಗೋಲಾಗಿ ನಿಲ್ಲಲು ಹೊರಟ ಅವಳನ್ನು ಕಂಡು ವೈಜಯಂತಿಗೆ ಭಾವನ ಮೇಲಿದ್ದಷ್ಟೇ ತಾತ್ಸಾರ ಓರಗಿತ್ತಿಯ ಮೇಲೂ ಬಂತು. ಗಂಡನ ಎಡಗೈಯನ್ನು ಪದ್ಮ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವನ ಬಲಗೈಯಲ್ಲಿ ಫೋನು.

ಪಾಠ ಎರಡು ನಿಮಿಷ ನಡೆದಿರಬಹುದು. ಅಲೆಯೊಂದು ಬಂಡೆಯನ್ನು ದಾಟಿ ಬಂತು. ಚಿದಂಬರ ಕೈ ಕೊಡವಿಕೊಂಡು, ಎರಡೂ ಕೈಯಿಂದ ಫೋನನ್ನು ತಲೆಯ ಮೇಲೆತ್ತಿದ. ಪದ್ಮ ಜಾರಿ ಎರಡು ಬಂಡೆಗಳ ನಡುವಿನ ಸಂದಿಗೆ ಬಿದ್ದಳು. ನೀರು ಎದೆಮಟ್ಟ ಬಂತು. ಅವನು ಇನ್ನೂ ಎತ್ತರದ ಬಂಡೆಗೆ ಹತ್ತಿಕೊಂಡು ಅಂಗಿಯ ಒಳಮೈಯಿಂದ ಫೋನು ಒರೆಸತೊಡಗಿದ. ಶ್ರೀವತ್ಸ ದಡದಲ್ಲೇ ನಿಂತು ಅತ್ತಿಗೆಯನ್ನು ಕೂಗಿದ, ಅಲ್ಲಿಂದ ಕದಲಲಿಲ್ಲ.

ವೈಜಯಂತಿ ಕೂತುಕೊಂಡೇ ಬಂಡೆಯಿಂದ ಬಂಡೆಗೆ ಜಾರುತ್ತ ಹೋದಳು. ಮಂಡಿಯ ಚರ್ಮ ಕಿತ್ತುಹೋಯಿತು. ಜೋಳದ ಮುದುಕಿ ಅವಳಿಗಿಂತ ಮೊದಲೇ ಅಲ್ಲಿದ್ದಳು. ಇಬ್ಬರೂ ಕಂಕುಳಿಗೆ ಕೈಹಾಕಿ ಪದ್ಮಳನ್ನು ಮೇಲೆಳೆದರು. ಅವಳ ಬಲ ಮಣಿಕಟ್ಟು ಮುರಿದಿತ್ತು. ಅಷ್ಟು ಹೊತ್ತಿಗೆ ಚಿದಂಬರ ಇಳಿದು ಬಂದ.

“ಈ ಚಪ್ಪಲಿ ಹಾಕ್ಕೋಬೇಡ ಅಂತ ಬೆಳಗ್ಗೇನೇ ಹೇಳಿದ್ದೆ,” ಎಂದ. ಅವನು ಹೇಳಿರಲಿಲ್ಲ.

ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವನು ಮುಂದಿನ ಸೀಟಿನಲ್ಲಿ ಕೂತು ವಿಡಿಯೊ ಉಳಿದಿದೆಯೇ ಎಂದು ನೋಡುತ್ತಿದ್ದ. ಹಿಂದೆ ಪದ್ಮ ನೋವಿಗೆ ತುಟಿ ಕಚ್ಚಿಕೊಂಡಿದ್ದಳು.

ದೆಹಲಿಗೆ ಮರಳಿದ ಮೂರನೆಯ ಭಾನುವಾರ ಕರೋಲ್ ಬಾಗಿನ ಚಂದ್ರಮೋಹನ ದಂಪತಿಯ ಮನೆಯಲ್ಲಿ ಊಟ. ಕನ್ನಡದವರು ಎಂಟು ಹತ್ತು ಜನ ಸೇರಿದ್ದರು. ಹುಳಿ ಬಡಿಸುವಾಗ ಪದ್ಮಳ ಕೈಗೆ ಏನಾಯಿತೆಂದು ಯಾರೋ ಕೇಳಿದರು. ಉತ್ತರ ಕೊಟ್ಟವನು ಚಿದಂಬರ. ಎರಡಾಳೆತ್ತರದ ಅಲೆ ಬಂತಂತೆ, ತಾನು ಹಿಂದುಮುಂದು ನೋಡದೆ ನೀರಿಗಿಳಿದನಂತೆ, ಒಂದು ಕೈಯಲ್ಲಿ ಬಂಡೆ, ಇನ್ನೊಂದರಲ್ಲಿ ಹೆಂಡತಿಯ ಸೊಂಟ. ವೈಜಯಂತಿ ಗಂಡನ ಕಡೆ ನೋಡಿದಳು. ಶ್ರೀವತ್ಸ ಹಪ್ಪಳವನ್ನು ಸಣ್ಣಸಣ್ಣದಾಗಿ ಮುರಿಯುತ್ತಿದ್ದ. ಬಾಯಿ ತೆರೆದರೆ ಅತಿಥಿಗಳ ಮುಂದೆ ರಂಪವಾದೀತೆಂದು ಅವಳೂ ಸುಮ್ಮನಿದ್ದಳು.

“ಬೇಕಾದರೆ ಇವಳನ್ನೇ ಕೇಳಿ,” ಎಂದು ಚಿದಂಬರ ಮುಗಿಸಿದ.

ಪದ್ಮ ಎಡಗೈಯ ಚಮಚವನ್ನು ತಟ್ಟೆಯಲ್ಲಿಟ್ಟಳು. “ಇವರು ನನ್ನ ಕೈ ಬಿಟ್ಟರು. ಎರಡೂ ಕೈಲಿ ಫೋನ್ ಹಿಡ್ಕೊಂಡಿದ್ದರು. ನನ್ನನ್ನ ಎತ್ತಿದ್ದು ವೈಜಯಂತಿ, ಮತ್ತೆ ಜೋಳ ಮಾರೋ ಒಬ್ಬಳು ಅಜ್ಜಿ. ಅಜ್ಜಿ ಹೆಸರು ಕೇಳೋಕೂ ಆಗಲಿಲ್ಲ.”

ಉಪ್ಪು ಸಾಕು, ಹುಳಿ ಸಾಕು ಎನ್ನುವ ದನಿಯಲ್ಲೇ ಹೇಳಿದಳು. ಆಘಾತವಾದಾಗ ನೆನಪು ಕಲಸಿಹೋಗುತ್ತದೆ ಎಂದು ಚಿದಂಬರ ನಕ್ಕ. ಎರಡನೆಯ ಸಲವೂ ಹೇಳಿದ. ಚಂದ್ರಮೋಹನನ ಹೆಂಡತಿ ಲಾವಣ್ಯಾ ಬಂದು ಪದ್ಮಳ ಪಕ್ಕ ಕೂತು, ಅವಳ ತಟ್ಟೆಗೆ ಮೊಸರನ್ನ ಕಲಸತೊಡಗಿದಳು. ವೈಜಯಂತಿಗೆ ತಲೆಯೆತ್ತಿ ಓರಗಿತ್ತಿಯ ಮುಖ ನೋಡಲು ನಾಚಿಕೆಯಾಯಿತು. ಅವತ್ತು ಬಂಡೆಗಳ ಬಳಿ ತಾನು ಹಗುರವಾಗಿ ಕಂಡಿದ್ದು ಇವಳನ್ನೇ.

ಮೆಟ್ರೊ ಪ್ಲಾಟ್‌ಫಾರಂನಲ್ಲಿ ಶ್ರೀವತ್ಸ ಬಾಯಿಬಿಟ್ಟ. “ಅತ್ತಿಗೆ ಎಲ್ಲರ ಮುಂದೆ ಹಾಗೆ ಹೇಳಬಾರದಿತ್ತು. ಅಣ್ಣನ ಮರ್ಯಾದೆ ಏನಾಯ್ತು ನೋಡು.”

“ಅವತ್ತು ನೀವೂ ನೋಡಿದಿರಿ ತಾನೆ?”

“ನೋಡಿದೆ. ಆದರೂ...”

ಆ ‘ಆದರೂ’ ಎಲ್ಲಿಗೆ ಹೋಗುತ್ತದೆಂದು ವೈಜಯಂತಿ ಕಾಯಲಿಲ್ಲ. ತಾತ್ಸಾರಕ್ಕೆ ತಕ್ಕ ಗಂಡಸು ಮನೆತನದಲ್ಲಿ ಭಾವ ಒಬ್ಬನೇ ಎಂದುಕೊಂಡು ಇಷ್ಟು ವರ್ಷ ಬಾಳಿದ್ದಳು. ರೈಲು ಬಂತು. ಅವಳು ಹಂಸಿನಿಯ ತೋಳು ಹಿಡಿದು ಮುಂದಕ್ಕೆ ನಡೆದು ಹೆಂಗಸರ ಬೋಗಿ ಹತ್ತಿದಳು. ಜೊತೆಗೆ ನಾಲ್ಕು ಹೆಜ್ಜೆ ಬಂದ ಶ್ರೀವತ್ಸ ‘ಮಹಿಳೆಯರಿಗೆ ಮಾತ್ರ’ ಎಂಬ ಗುಲಾಬಿ ಬಣ್ಣದ ಫಲಕ ಓದಿ ನಿಂತುಬಿಟ್ಟ.