ಮೂರನೇ ಸೈರನ್

ಅಗೋ, ಇನ್ನೊಂದು ಸೈರನ್ನು, ಮೀನಿನ ಅಂಗಡಿಯ ಸೂರಿನಾಚೆ, ಕಂಬದ ತುದಿಯಲ್ಲಿ ತುಕ್ಕು ಹಿಡಿದ ಹಳದಿ ಬಾಯಿ — ಜರೀನಾ ದುಪಟ್ಟಾವನ್ನು ಜಾಕೆಟ್ಟಿನೊಳಗೆ ತುರುಕಿ ಕತ್ತೆತ್ತಿದಳು, ಅಂಚೆ ಕಚೇರಿಯ ಮೇಲಿನದಕ್ಕೆ ವೈರೇ ಇಲ್ಲ, ಫೈರ್ ಸ್ಟೇಷನ್ನಿನದರಲ್ಲಿ ಹಕ್ಕಿ ಗೂಡು ಕಟ್ಟಿದೆ, ಹಾಗಾದರೆ ಮೊನ್ನೆ ಕೂಗಿ ರೋಜಾ ಕೆಡಿಸಿದ ಕಳ್ಳ ಇದೇ ಇರಬೇಕು. ನಸುಕಿನಲ್ಲಿ ಸಹರಿಯ ಊಟಕ್ಕೆ ಎದ್ದ ನಿದ್ದೆಗಣ್ಣು, ಕಿಟಕಿ ತುಂಬ ಮಂಜು, ಸೋಫಾದಲ್ಲೇ ತೂಕಡಿಕೆ, ಹೊರಗೆ ಸೈರನ್ನು ಎದ್ದಿತು, ಕೈ ತಾನಾಗಿ ಖರ್ಜೂರಕ್ಕೆ ಹೋಯಿತು — ದಾವಣಗೆರೆಯಲ್ಲಿ ಸಂಜೆ ರೋಜಾ ಬಿಡಲು ಮಸೀದಿಯ ಸೈರನ್ ಆದ ಮೇಲೆ ಯಾರು ಗಡಿಯಾರ ನೋಡುತ್ತಾರೆ, ಖರ್ಜೂರ ತುಟಿಗೆ ಹಿಡಿದು, ಬಾಯಿ ತೆರೆದು ಕೂತಿರುತ್ತಿದ್ದರು ಅಬ್ಬಾ, ಪಕ್ಕದಲ್ಲಿ ಅವಳೂ, ತಡಿ ಬೇಟಾ, ಕೂಗಲಿ, ಕೂಗಲಿ — ತಿಂದು, ಗಟಗಟ ನೀರು ಕುಡಿದು ನೋಡಿದರೆ ನಡುಮಧ್ಯಾಹ್ನ! ಸುನಾಮಿಗೋ ಯುದ್ಧಕ್ಕೋ ಇಟ್ಟದ್ದಂತೆ, ತಿಂಗಳಿಗೊಮ್ಮೆ ಟೆಸ್ಟ್ ಮಾಡುತ್ತಾರಂತೆ, ಹೀಗೆ ಪೆದ್ದಿಯಾದೆ ಅಂತ ಹೇಳಿದರೆ ಸಂಜೆ ಮನೆಗೆ ಬಂದ ಗಂಡ ಲತೀಫ್ ಬಹಳ ದಿನದ ಮೇಲೆ ನಕ್ಕ, ಅಬ್ಬಬ್ಬಾ, ಎಂಥಾ ಸದ್ದು ಕಣೇ ಅದು, ನನ್ನ ಎದೆನೇ ನಿಂತೋಯ್ತು, ಗೊತ್ತಿಲ್ದೆ ತಿಂದಿದ್ದಲ್ವಾ, ಆಮೇಲೊಂದು ರೋಜಾ ಇಟ್ಟರಾಯ್ತು ಬಿಡು. ನಕ್ಕನಲ್ಲ, ಇವತ್ತು ಇಫ್ತಾರ್ ಆದ ಮೇಲೆ ಕೇಳಿಯೇ ಬಿಡಬೇಕು, ಈದ್‌ಗೆ ಅಮ್ಮಿ ಹತ್ತಿರ ಹೋಗಿಬರ್ತೀನಿ ರೀ, ಒಂದೇ ಒಂದು ಸಲ. ಆಗಸ್ಟಿನಲ್ಲಿ ಅಬ್ಬಾ ಹೋದರು ಅಂತ ಫೋನು ಬಂದಾಗಲೂ ಹೀಗೇ ಅಂಗಲಾಚಿದ್ದಳು, ಅವನದು ಒಂದೇ ಮಾತು, ಈಗ ಹೋದ್ರೆ ವಾಪಸ್ ಬರೋಕೆ ವೀಸಾ ಸ್ಟಾಂಪಿಂಗ್ ಸಿಗದಿದ್ರೆ? ಗ್ರೀನ್ ಕಾರ್ಡು ಇನ್ನೇನು ಬಂತು, ತಡ್ಕೊ — ತಡೆದುಕೊಂಡಳು, ಅಬ್ಬಾನ ಮುಖ ನೋಡಲಿಲ್ಲ, ಯಾವ ಸುಖಕ್ಕೆ? ಅವನ ವೀಸಾದ ಬಾಲ ಹಿಡಿದು ಬಂದವಳು, ಕೆಲಸ ಮಾಡುವಂತಿಲ್ಲ, ಕಾರು ಕಲಿಸಲು ಅವನಿಗೆ ಪುರುಸೊತ್ತಿಲ್ಲ, ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಆ ಗೋಪುರಗಳು ಬಿದ್ದ ಮೇಲಂತೂ ಒಬ್ಬಳೇ ಹೊರಗೆ ಹೋಗ್ಬೇಡ, ಜನ ಒಂಥರಾ ನೋಡ್ತಾರೆ, ಪುಟ್ಟ ಅಪಾರ್ಟ್‌ಮೆಂಟು, ಮಂಜು, ಸಮುದ್ರದ ಮೊರೆತ, ಉಸಿರು ಕಟ್ಟುತ್ತದೆ ಮಾರಾಯ.

ಕಂಬದ ಬುಡದಲ್ಲಿ ಪಾರ್ಕಿಂಗು, ಒಂದೇ ಒಂದು ಕಾರು, ನೀಲಿ ಕೊರೊಲಾ, ನಮ್ಮದರ ಹಾಗೇ ಇದೆಯಲ್ಲ, ಹಿಂದಿನ ಗಾಜಿನಲ್ಲಿ ಅವಳೇ ಅಂಟಿಸಿದ ಚಂದ್ರನ ಸ್ಟಿಕ್ಕರು — ಯಾ ಅಲ್ಲಾ. ಸೀಟು ಹಿಂದಕ್ಕೆ ಬಾಗಿಸಿ ಸಮುದ್ರ ನೋಡುತ್ತ ಮಲಗಿದ್ದಾನೆ ಲತೀಫ್, ಕೊರಳಲ್ಲಿ ಆಫೀಸಿನ ಬ್ಯಾಡ್ಜು, ಬೆಳಿಗ್ಗೆ ಅವಳೇ ಹುಡುಕಿ ಕೊಟ್ಟದ್ದು. ಬೆಟ್ಟದಾಚೆ ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದೆ ಅಂದವನಿಗೆ ಮೊನ್ನೆ ಈ ಸೈರನ್ನು ಹೇಗೆ ಕೇಳಿತು, ಎದೆ ಹೇಗೆ ನಿಂತಿತು, ಅಯ್ಯೋ ದಡ್ಡಿ, ಆಗಲೇ ಹೊಳೆಯಬೇಡವೇ! ಸಾಂಟಾ ಕ್ಲಾರಾದ ಹಲಾಲ್ ಅಂಗಡಿಯಲ್ಲಿ ಸಿಕ್ಕ ಹೆಂಗಸರದೆಲ್ಲ ಇದೇ ಮಾತು, ಇವರ ಕಂಪನಿ ಮುಚ್ಚಿತಂತೆ, ಅವರದೂ ಮುಚ್ಚಿತಂತೆ, ಕೆಲಸ ಹೋದರೆ ವೀಸಾ ಹೋಯಿತು, ಗ್ರೀನ್ ಕಾರ್ಡೂ ಹೋಯಿತು, ಪಾಪ ಅಂತ ತಾನೂ ತಲೆಯಾಡಿಸಿ ಬಂದಿದ್ದಳು. ಪಾಪ, ಇವನೂ ಪಾಪವೇ, ದಿನವಿಡೀ ಈ ಡಬ್ಬಿಯಲ್ಲಿ ಕೂತು — ಅಲ್ಲ, ತಡಿ, ಯಾವಾಗಿನಿಂದ? ಬೆರಳ ಗೆಣ್ಣಿನಿಂದ ಗಾಜು ಬಡಿದಳು, ಬೆಚ್ಚಿ ಎದ್ದು ಕೂತ, ಗಾಜು ಇಳಿಯಿತು, ಜರೀನಾ, ನೀನಿಲ್ಲಿ, ಒಬ್ಳೇ — ಅದಿರಲಿ ರೀ, ಒಂದೇ ಮಾತು ಹೇಳ್ರಿ, ಅಬ್ಬಾ ಹೋದಾಗ, ತಡ್ಕೊ ಅಂದ್ರಲ್ಲ, ಆಗ್ಲೇ ಕೆಲಸ ಹೋಗಿತ್ತಾ? ಅವನ ಬಾಯಿ ತೆರೆಯಿತು. ಇಲ್ಲ ಅನ್ನಿ, ಇಲ್ಲ ಅನ್ನಿ, ಇಲ್ಲ ಅಂದರೆ ಉಳಿದದ್ದೆಲ್ಲ ನುಂಗಿಕೊಳ್ಳುತ್ತೇನೆ, ಖರ್ಜೂರ ತುಟಿಗೆ ಹಿಡಿದು ಅಬ್ಬಾ, ತಡಿ ಬೇಟಾ, ಕೂಗಲಿ, ಮೇಲೆ ಕಂಬದ ತುದಿಯಲ್ಲಿ ಆ ಹಳದಿ ಬಾಯಿ, ಕೆಳಗೆ ಇವನ ಬಾಯಿ, ತೆರೆದದ್ದು ತೆರೆದೇ ಇದೆ, ಕೂಗಲಿ, ತೆರೆದೇ ಇದೆ.